ಬೆಕ್ಕುಗಳಲ್ಲಿ ಕಷ್ಟಪ್ರಸವ: ಗುರುತಿಸುವ ಬಗೆ, ತುರ್ತು ಕ್ರಮಗಳು ಮತ್ತು ಪಶುವೈದ್ಯಕೀಯ ಆರೈಕೆ

ತಾಯಿಬೆಕ್ಕು ತನ್ನ ಸ್ವಂತ ಶಕ್ತಿಯಿಂದ ಮರಿಯನ್ನು ಗರ್ಭಾಶಯದಿಂದ ಹೊರಹಾಕಲಾಗದ ಸ್ಥಿತಿಯನ್ನು ಕಷ್ಟಪ್ರಸವ ಎಂದು ಕರೆಯಲಾಗುತ್ತದೆ. ಹಸು, ಎಮ್ಮೆ, ಕುರಿಗಳ ಕಷ್ಟಪ್ರಸವದ ಬಗ್ಗೆ ನಮ್ಮ ರೈತ ಬಾಂಧವರಿಗೆ ತಕ್ಕಮಟ್ಟಿಗೆ ತಿಳಿವಳಿಕೆಯಿದೆ. ಬೆಕ್ಕಿನ ವಿಷಯದಲ್ಲಿ ಅಂತಹ ತಿಳಿವಳಿಕೆ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಹಸುವಿಗೆ ಸರಿಹೊಂದುವ ಕ್ರಮವನ್ನೇ ಬೆಕ್ಕಿಗೂ ಅನ್ವಯಿಸುವುದರಿಂದ ಹಾನಿಯಾಗುತ್ತಿದೆ.

ಈ ಲೇಖನಕ್ಕೆ ಕಾರಣವಾದದ್ದು ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ಕಡೆಯ ಒಂದು ಮನೆಯಲ್ಲಿ ಭತ್ತದ ಒಕ್ಕಣೆಯ ಸಮಯದಲ್ಲಿ ಕಂಡ ಪ್ರಸಂಗ. ರಾತ್ರಿಯಿಂದ ತಿಣುಕುತ್ತಿದ್ದ ಬೆಕ್ಕಿನ ಮರಿಯ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಮನೆಯವರು ದನ ಸಾಕಣೆಯಲ್ಲಿ ನುರಿತವರು. ಕರು ಎಳೆಯುವಂತೆಯೇ ಆ ಕಾಲಿಗೆ ದಾರ ಕಟ್ಟಿ ಎಳೆದರು. ಬಾರದಿದ್ದಾಗ ಕೊಟ್ಟಿಗೆಯಲ್ಲಿದ್ದ, ಹಾಲು ಇಳಿಸಲು ಬಳಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಕೊಟ್ಟರು. ಬೆಳಿಗ್ಗೆ ಪಶುವೈದ್ಯರು ನೋಡುವ ಹೊತ್ತಿಗೆ ಗರ್ಭಾಶಯ ಹರಿದಿತ್ತು. ತಾಯಿ ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದ ಮೂರು ಮರಿಗಳೂ ಉಳಿಯಲಿಲ್ಲ. ಅಲ್ಲಿ ನಿರ್ಲಕ್ಷ್ಯವಿರಲಿಲ್ಲ, ಅಕ್ಕರೆಗೂ ಕೊರತೆಯಿರಲಿಲ್ಲ. ತಪ್ಪಿದ್ದು ತಿಳಿವಳಿಕೆಯಲ್ಲಿ ಮಾತ್ರ. ನಾನು ಬೇಸಾಯಶಾಸ್ತ್ರದ ವಿಜ್ಞಾನಿಯೇ ಹೊರತು ಪಶುವೈದ್ಯನಲ್ಲ. ಆದ್ದರಿಂದ ಇಲ್ಲಿ ಔಷಧಿಗಳ ಪ್ರಮಾಣವನ್ನು ರೈತರ ಬಳಕೆಗೆಂದು ಕೊಟ್ಟಿಲ್ಲ. ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು, ಯಾವ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು ಎಂಬುದಷ್ಟೇ ಇಲ್ಲಿನ ಉದ್ದೇಶ.

ಕೃಷಿ ಕುಟುಂಬದಲ್ಲಿ ಬೆಕ್ಕಿನ ಸ್ಥಾನ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯ, ಮದ್ದೂರು, ಮಳವಳ್ಳಿ ಭಾಗದಲ್ಲಿ ಭತ್ತ ಮತ್ತು ಕಬ್ಬು ಮುಖ್ಯ ಬೆಳೆಗಳು, ಜೊತೆಗೆ ರಾಗಿ, ತೆಂಗು, ಹಿಪ್ಪುನೇರಳೆ. ಈ ಎಲ್ಲದಕ್ಕೂ ಇಲಿಯ ಕಾಟವುಂಟು. ಮನೆಯ ಅಟ್ಟ, ಭತ್ತದ ಮೂಟೆ, ಆಲೆಮನೆ, ರೇಷ್ಮೆಹುಳು ಸಾಕಣೆ ಮನೆ ಇವೆಲ್ಲ ಇಲಿಗಳ ನೆಲೆ. ಗದ್ದೆಯ ಬದುವಿನಲ್ಲಿ ಬಿಲ ತೋಡುವ ಇಲಿಯನ್ನು ಬೆಕ್ಕು ನಿಯಂತ್ರಿಸುತ್ತದೆ ಎಂಬ ಭರವಸೆ ಬೇಡ. ಅಲ್ಲಿ ಬದು ಕಿರಿದುಗೊಳಿಸುವುದು, ಬಿಲ ಮುಚ್ಚುವುದು, ಸಾಮೂಹಿಕವಾಗಿ ಪಾಷಾಣ ಇಡುವುದು ಮೊದಲಾದ ಕ್ರಮಗಳೇ ಬೇಕು. ಆದರೆ ಮನೆ ಮತ್ತು ಕಣಜದ ಇಲಿಗಳನ್ನು ಹದ್ದಿನಲ್ಲಿಡಲು ಚುರುಕಾದ ಒಂದೆರಡು ಬೆಕ್ಕುಗಳು ನೆರವಾಗುತ್ತವೆ. ಇತ್ತೀಚೆಗೆ ಪರ್ಷಿಯನ್ ತಳಿಯ ಅಥವಾ ಅದರ ಮಿಶ್ರತಳಿಯ ಬೆಕ್ಕುಗಳನ್ನು ಮರಿ ಮಾರಾಟಕ್ಕೆಂದು ಸಾಕುವವರೂ ಹಳ್ಳಿಗಳಲ್ಲಿ ಕಾಣಸಿಗುತ್ತಾರೆ. ಕಷ್ಟಪ್ರಸವದ ಅಪಾಯ ಹೆಚ್ಚಾಗಿರುವುದು ಇವರ ಬೆಕ್ಕುಗಳಲ್ಲೇ. ಇದರ ಕಾರಣವನ್ನು ಮುಂದೆ ನೋಡೋಣ.

ಗರ್ಭಾವಧಿ ಮತ್ತು ಸಹಜ ಪ್ರಸವ

ಬೆಕ್ಕು ಸಾಮಾನ್ಯವಾಗಿ 5ರಿಂದ 9 ತಿಂಗಳ ವಯಸ್ಸಿನಲ್ಲಿ ಮೊದಲ ಬೆದೆಗೆ ಬರುತ್ತದೆ. ಹಗಲು ದೀರ್ಘವಾದಾಗ ಬೆದೆಗೆ ಬರುವ ಪ್ರಾಣಿ ಇದಾಗಿದ್ದರೂ ನಮ್ಮ ರಾಜ್ಯದಲ್ಲಿ ಹಗಲಿನ ಅವಧಿ ವರ್ಷವಿಡೀ ಹೆಚ್ಚು ಏರುಪೇರಾಗದ ಕಾರಣ ಮರಿ ಹಾಕುವುದು ಬಹುತೇಕ ಎಲ್ಲ ತಿಂಗಳುಗಳಲ್ಲೂ ಕಂಡುಬರುತ್ತದೆ. ಬೆಕ್ಕಿನಲ್ಲಿ ಅಂಡಾಣು ಬಿಡುಗಡೆಯಾಗುವುದು ಸಾಮಾನ್ಯವಾಗಿ ಗಂಡಿನೊಡನೆ ಕೂಡಿದ ಪ್ರಚೋದನೆಯಿಂದ. ಕೂಡಿದ ದಿನದಿಂದ ಲೆಕ್ಕ ಹಾಕಿದರೆ ಗರ್ಭಾವಧಿ ಹೆಚ್ಚಾಗಿ 63ರಿಂದ 67 ದಿನಗಳು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನವನ್ನು ಗುರುತು ಹಾಕಿಡುವುದು ಯಾವ ಔಷಧಿಗಿಂತಲೂ ಉಪಯುಕ್ತ. ದಿನಾಂಕ ತಿಳಿದಿದ್ದರೆ 70 ದಿನ ದಾಟಿದ ಗರ್ಭವನ್ನು ಪಶುವೈದ್ಯರು ಅನುಮಾನದಿಂದ ನೋಡಬಲ್ಲರು. ತಿಳಿಯದಿದ್ದರೆ ಎಲ್ಲವೂ ಊಹೆಯೇ.

ಪ್ರಸವಕ್ಕೆ ಒಂದೆರಡು ದಿನ ಮೊದಲು ಬೆಕ್ಕು ಮೇವು ಕಡಿಮೆ ಮಾಡುತ್ತದೆ, ಕತ್ತಲೆಯ ಮೂಲೆ ಹುಡುಕುತ್ತದೆ, ಗೋಣಿಚೀಲವನ್ನೋ ಹಳೆಯ ಬಟ್ಟೆಯನ್ನೋ ಕೆರೆಯುತ್ತದೆ. ಕೆಲವು ಬೆಕ್ಕುಗಳು ಮನೆಯವರ ಕಾಲು ಬಿಡದೆ ಸುತ್ತುತ್ತವೆ. ಮೊದಲ ಹಂತದಲ್ಲಿ ಗರ್ಭಕಂಠ ಸಡಿಲವಾಗುತ್ತದೆ. ಹೊರಗೆ ತಿಣುಕು ಕಾಣದು, ಆದರೆ ಬೆಕ್ಕು ಚಡಪಡಿಸುತ್ತದೆ, ಏದುಸಿರು ಬಿಡುತ್ತದೆ. ಇದು 6ರಿಂದ 12 ಗಂಟೆ ನಡೆಯಬಹುದು. ಚೊಚ್ಚಲ ಬೆಕ್ಕಿನಲ್ಲಿ ಒಂದು ಹಗಲು ಒಂದು ರಾತ್ರಿ ಹಿಡಿದರೂ ಅಸಹಜವಲ್ಲ. ಎರಡನೆಯ ಹಂತದಲ್ಲಿ ಹೊಟ್ಟೆಯ ಸ್ನಾಯುಗಳು ಬಿಗಿದು ತಿಣುಕು ಸ್ಪಷ್ಟವಾಗಿ ಕಾಣುತ್ತದೆ. ಮರಿಗಳು ಸಾಮಾನ್ಯವಾಗಿ 10 ನಿಮಿಷದಿಂದ ಒಂದು ಗಂಟೆಯ ಅಂತರದಲ್ಲಿ ಒಂದೊಂದಾಗಿ ಹೊರಬರುತ್ತವೆ. ಮೂರರಿಂದ ಐದು ಮರಿಗಳು ವಾಡಿಕೆ. ಪ್ರತಿ ಮರಿಯ ಜೊತೆಗೆ ಅಥವಾ ಅದರ ಹಿಂದೆಯೇ ಮಾಸು ಬೀಳುತ್ತದೆ, ತಾಯಿ ಅದನ್ನು ತಿಂದುಬಿಡುತ್ತದೆ. ಇದರಿಂದ ಕೆಡುಕಿಲ್ಲ. ಎಷ್ಟು ಮಾಸು ಬಿದ್ದವು ಎಂಬುದನ್ನು ಎಣಿಸಿಟ್ಟುಕೊಂಡರೆ ಒಳ್ಳೆಯದು.

ದನ ಸಾಕುವವರು ಇಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಹಸುವಿನಲ್ಲಿ ಹಿಂಗಾಲು ಮುಂದಾಗಿ ಬರುವ ಕರು ಆತಂಕದ ವಿಷಯ. ಬೆಕ್ಕಿನಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮರಿಗಳು ಹಿಂಗಾಲು ಮತ್ತು ಬಾಲ ಮುಂದಾಗಿಯೇ ಹುಟ್ಟುತ್ತವೆ. ಎರಡೂ ಹಿಂಗಾಲುಗಳು ನೀಳವಾಗಿ ಚಾಚಿಕೊಂಡಿದ್ದರೆ ಅದು ಸಹಜ ಪ್ರಸವವೇ. ಕಾಲುಗಳು ಹೊಟ್ಟೆಯಡಿ ಮಡಚಿ ಬಾಲ ಮಾತ್ರ ಹೊರಗೆ ಕಂಡರೆ ಆಗ ತೊಂದರೆ. ಎರಡನೆಯದಾಗಿ, ಬೆಕ್ಕು ಪ್ರಸವವನ್ನು ಅರ್ಧಕ್ಕೆ ನಿಲ್ಲಿಸಿ ವಿಶ್ರಾಂತಿ ಪಡೆಯಬಲ್ಲದು. ಎರಡು ಮರಿ ಹಾಕಿ, ಅವಕ್ಕೆ ಹಾಲೂಡಿಸಿ, ತಾನೂ ಉಂಡು ಮಲಗಿ, ಮರುದಿನ ಉಳಿದವನ್ನು ಹಾಕಿದ ಉದಾಹರಣೆಗಳಿವೆ. 24 ಗಂಟೆಗಿಂತ ಸ್ವಲ್ಪ ಹೆಚ್ಚಿನ ಬಿಡುವೂ ಆಗುವುದುಂಟು. ಈ ಬಿಡುವಿನಲ್ಲಿ ತಾಯಿ ನೆಮ್ಮದಿಯಾಗಿರುತ್ತದೆ, ತಿಣುಕುವುದಿಲ್ಲ, ಕೆಟ್ಟ ಸ್ರಾವವಿರುವುದಿಲ್ಲ. ನೆಮ್ಮದಿಯ ಬಿಡುವಿಗೂ ಸೋತುಹೋದ ಬೆಕ್ಕಿನ ನಿಶ್ಚಲತೆಗೂ ಇರುವ ವ್ಯತ್ಯಾಸವನ್ನು ಗುರುತಿಸುವುದೇ ಈ ವಿಷಯದಲ್ಲಿ ಅತ್ಯಂತ ಕಷ್ಟದ ಭಾಗ. ಅನುಮಾನ ಬಂದರೆ ಕಾಯದೆ ತೋರಿಸುವುದೇ ಮೇಲು.

ಕಷ್ಟಪ್ರಸವಕ್ಕೆ ಕಾರಣಗಳು

ನಮ್ಮ ನಾಟಿ ಬೆಕ್ಕುಗಳಲ್ಲಿ ಕಷ್ಟಪ್ರಸವ ಅಪರೂಪ. ಬ್ರಿಟನ್ನಿನಲ್ಲಿ ಸುಮಾರು 2,900 ಸೂಲುಗಳನ್ನು ಪರಿಶೀಲಿಸಿ 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಶೇ. 5.8ರಷ್ಟು ಸೂಲುಗಳಲ್ಲಿ ಕಷ್ಟಪ್ರಸವ ಕಂಡುಬಂದಿತ್ತು. ಮಿಶ್ರತಳಿಯ ಒಂದು ಗುಂಪಿನಲ್ಲಿ ಅದು ಶೇ. 0.4 ಮಾತ್ರ, ಡೆವನ್ ರೆಕ್ಸ್ ಎಂಬ ಶುದ್ಧತಳಿಯಲ್ಲಿ ಶೇ. 18.2. ತಲೆ ತೀರ ಅಗಲ ಮತ್ತು ಮೂತಿ ಚಪ್ಪಟೆಯಾದ ಪರ್ಷಿಯನ್‌ನಂತಹ ತಳಿಗಳಲ್ಲೂ, ತಲೆ ತೀರ ನೀಳವಾದ ತಳಿಗಳಲ್ಲೂ ತೊಂದರೆ ಹೆಚ್ಚು. ಅಂದಕ್ಕೆಂದು ಮನುಷ್ಯ ಆಯ್ಕೆ ಮಾಡಿದ ಮುಖಲಕ್ಷಣದ ಬೆಲೆಯನ್ನು ತಾಯಿಬೆಕ್ಕು ತೆರುತ್ತಿದೆ ಎನ್ನಬೇಕಾಗುತ್ತದೆ. ಚಪ್ಪಟೆ ಮೂತಿಯ ತಾಯಿಗೆ ಹೊಕ್ಕುಳ ಬಳ್ಳಿಯನ್ನು ಕಚ್ಚಿ ತುಂಡರಿಸುವುದೂ ಸುಲಭವಲ್ಲ.

ಕಾರಣಗಳಲ್ಲಿ ತಾಯಿಯ ಕಡೆಯವು ಹೆಚ್ಚು. ಸ್ವೀಡನ್ನಿನಲ್ಲಿ 155 ಪ್ರಕರಣಗಳನ್ನು ವಿಶ್ಲೇಷಿಸಿ 1994ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸುಮಾರು ಮೂರನೆಯ ಎರಡು ಭಾಗ ಪ್ರಕರಣಗಳಿಗೆ ತಾಯಿಯ ದೋಷ ಕಾರಣವಾಗಿತ್ತು. ಅದರಲ್ಲೂ ಗರ್ಭಾಶಯ ಸಂಕುಚಿಸದೆ ಸೋಲುವುದೇ ಪ್ರಧಾನ. ಹೊಟ್ಟೆಯಲ್ಲಿ ಒಂದೇ ಮರಿಯಿದ್ದು ಸಾಕಷ್ಟು ಪ್ರಚೋದನೆ ದೊರೆಯದಿರುವುದು, ಮರಿಗಳು ತೀರ ಹೆಚ್ಚಾಗಿ ಗರ್ಭಾಶಯ ಹಿಗ್ಗಿಹೋಗಿರುವುದು, ವಯಸ್ಸು, ಬೊಜ್ಜು, ಅಪೌಷ್ಟಿಕತೆ, ರಕ್ತದಲ್ಲಿ ಸುಣ್ಣದಂಶದ ಕೊರತೆ, ಭಯ ಇವೆಲ್ಲ ಈ ಸೋಲಿಗೆ ಕಾರಣ. ಇನ್ನೊಂದು ಬಗೆಯಲ್ಲಿ ಗರ್ಭಾಶಯ ಮೊದಲು ಚೆನ್ನಾಗಿಯೇ ದುಡಿದು, ಸಿಕ್ಕಿಕೊಂಡ ಮರಿಯೊಡನೆ ಹೋರಾಡಿ ದಣಿದು ನಿಲ್ಲುತ್ತದೆ.

ವಸ್ತಿಕುಹರದ ಮೂಳೆ ಹಿಂದೆಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದರೆ ಮರಿ ಬರುವ ದಾರಿ ಕಿರಿದಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಅಕ್ಕಪಕ್ಕದ ಊರುಗಳಲ್ಲಿ ವಾಹನ ತಗುಲಿ ಬದುಕಿದ, ಸ್ವಲ್ಪ ದಿನ ಕುಂಟಿ ಸರಿಹೋದ ಹೆಣ್ಣು ಬೆಕ್ಕುಗಳ ಬಗ್ಗೆ ಈ ಎಚ್ಚರ ಅಗತ್ಯ. ಅಂಥವಕ್ಕೆ ಮರಿ ಆಗದಂತೆ ಶಸ್ತ್ರಚಿಕಿತ್ಸೆ ಮಾಡಿಸುವುದೇ ಲೇಸು. ಮರಿಯ ಕಡೆಯ ಕಾರಣಗಳೆಂದರೆ ತಲೆ ಓರೆಯಾಗಿ ತಿರುಗುವುದು, ಎರಡು ಮರಿ ಏಕಕಾಲಕ್ಕೆ ದಾರಿಗೆ ಬಂದು ಒತ್ತರಿಸುವುದು, ಮರಿ ಗಾತ್ರದಲ್ಲಿ ದೊಡ್ಡದಾಗಿರುವುದು, ಅಂಗವೈಕಲ್ಯ, ಮರಿ ಹೊಟ್ಟೆಯಲ್ಲೇ ಸತ್ತಿರುವುದು.

ಆಹಾರದ ಮಾತನ್ನು ಇಲ್ಲಿಯೇ ಹೇಳಬೇಕು. ಬೆಕ್ಕು ಶುದ್ಧ ಮಾಂಸಾಹಾರಿ. ಟೌರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಸಸ್ಯಾಹಾರದಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಟೌರಿನ್ ಕೊರತೆಯಿಂದ ಗರ್ಭ ಕರಗುವುದು, ಗರ್ಭಪಾತ, ಸತ್ತ ಅಥವಾ ಬಡಕಲು ಮರಿಗಳ ಜನನ ಉಂಟಾಗುತ್ತದೆ. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಈ ಕೊರತೆ ಬಾರದು. ಮನೆಯೊಳಗೇ ಕಟ್ಟಿಹಾಕಿ ಹಾಲನ್ನ ಅಥವಾ ಹಾಲಿನಲ್ಲಿ ಕಲಸಿದ ಮುದ್ದೆಯನ್ನಷ್ಟೇ ಹಾಕಿದರೆ ಬರುತ್ತದೆ. ಗರ್ಭಿಣಿ ಬೆಕ್ಕಿಗೆ ದಿನವೂ ಸ್ವಲ್ಪ ಮೀನು, ಕೋಳಿಮಾಂಸ ಅಥವಾ ಬೇಯಿಸಿದ ಮೊಟ್ಟೆ ಸಿಗಬೇಕು. ಸಸ್ಯಾಹಾರಿ ಮನೆಗಳಲ್ಲಿ ಪೊಟ್ಟಣದಲ್ಲಿ ಸಿಗುವ ಬೆಕ್ಕಿನ ಆಹಾರವನ್ನು ಬಳಸಬಹುದು. ನಾಯಿಯ ಆಹಾರ ಇದಕ್ಕೆ ಬದಲಿಯಲ್ಲ. ಹಸುವಿಗೆ ಕೊಡುವ ಸುಣ್ಣದಂಶದ ದ್ರಾವಣವನ್ನು ಗರ್ಭಿಣಿ ಬೆಕ್ಕಿಗೆ ಕುಡಿಸುವ ಅಭ್ಯಾಸ ಕೆಲವೆಡೆ ಇದ್ದು, ಅದು ಕೂಡದು. ಬೆದೆ ತಡೆಯಲೆಂದು ಕೊಡಿಸುವ ಹಾರ್ಮೋನು ಚುಚ್ಚುಮದ್ದು, ಮಾತ್ರೆಗಳೂ ಗರ್ಭಕೋಶದಲ್ಲಿ ಕೀವು ತುಂಬಲು ಕಾರಣವಾಗಬಲ್ಲವು.

ಆಸ್ಪತ್ರೆಗೆ ಹೊರಡಬೇಕಾದ ಗಳಿಗೆ

ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ಬಲವಾದ ತಿಣುಕು ನಿಲ್ಲದೆ 20ರಿಂದ 30 ನಿಮಿಷ ನಡೆದೂ ಮರಿ ಬಾರದಿದ್ದರೆ ಹೊರಡಬೇಕು. ಮರಿಯ ಯಾವುದೇ ಭಾಗ ಅಥವಾ ನೀರಿನ ಚೀಲ ಹೊರಗೆ ಕಂಡು 10 ನಿಮಿಷದಲ್ಲಿ ಹೊರಬೀಳದಿದ್ದರೆ ಅದು ಇನ್ನೂ ತುರ್ತು. ತಿಣುಕು ಕ್ಷೀಣವಾಗಿದ್ದು ಬಿಟ್ಟುಬಿಟ್ಟು ಎರಡು ಗಂಟೆ ಕಳೆದರೂ ಫಲವಿಲ್ಲದಿದ್ದರೆ ಕಾಯಬಾರದು. ಗಾಢ ಕೆಂಗಂದು ಬಣ್ಣದ ಸ್ರಾವ ಬಂದು ಎರಡು ಗಂಟೆಯೊಳಗೆ ಮರಿ ಬಾರದಿರುವುದು ಮಾಸು ಗರ್ಭಾಶಯದಿಂದ ಬಿಡಿಸಿಕೊಂಡಿದೆ, ಮರಿಗೆ ಪ್ರಾಣವಾಯು ನಿಲ್ಲುತ್ತಿದೆ ಎಂಬುದರ ಸೂಚನೆ. ತಾಜಾ ಕೆಂಪು ರಕ್ತ ಧಾರಾಳವಾಗಿ ಹರಿಯುವುದು, ದುರ್ವಾಸನೆಯ ಸ್ರಾವ, ಮತ್ತೆ ಮತ್ತೆ ವಾಂತಿ, ನಡುಕ, ಎದ್ದು ನಿಲ್ಲಲಾಗದಷ್ಟು ನಿತ್ರಾಣ, ಕಿವಿ ಮತ್ತು ಪಾದ ತಣ್ಣಗಾಗುವುದು ಇವುಗಳಲ್ಲಿ ಯಾವ ಒಂದು ಕಂಡರೂ ಗಂಟೆ ಎಣಿಸುವ ಪ್ರಶ್ನೆಯೇ ಇಲ್ಲ.

ರಕ್ತಸ್ರಾವದ ವಿಷಯದಲ್ಲಿ ಒಂದು ಮಾತು. ಇಲಿ ನಾಶಕ್ಕೆ ಇಡುವ ಬ್ರೋಮಾಡಿಯೋಲೋನ್ ಬಿಲ್ಲೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮೂಲಕ ಇಲಿಯನ್ನು ಕೊಲ್ಲುತ್ತವೆ. ಅಂತಹ ಇಲಿಗಳನ್ನು ತಿಂದ ಬೆಕ್ಕಿನಲ್ಲೂ ಅದೇ ಪರಿಣಾಮ ಉಂಟಾಗಬಹುದು, ಪ್ರಸವದ ಸಮಯದಲ್ಲಿ ಅದು ನಿಲ್ಲದ ರಕ್ತಸ್ರಾವವಾಗಿ ಪ್ರಕಟವಾಗಬಹುದು. ಹಿಂದಿನ ಎರಡು ಮೂರು ವಾರಗಳಲ್ಲಿ ಮನೆಯಲ್ಲಾಗಲಿ ಪಕ್ಕದ ಗದ್ದೆಯಲ್ಲಾಗಲಿ ಇಲಿ ಪಾಷಾಣ ಇಟ್ಟಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಈ ಬಗೆಯ ವಿಷಕ್ಕೆ ವಿಟಮಿನ್ ಕೆ1 ಚಿಕಿತ್ಸೆಯಿದೆ. ಶೇ. 2ರ ಜಿಂಕ್ ಫಾಸ್ಫೈಡ್ ಪಾಷಾಣಕ್ಕೆ ಪ್ರತ್ಯೇಕವಾದ ಪ್ರತಿವಿಷವಿಲ್ಲ. ಮನೆಯಲ್ಲಿ ಗರ್ಭಿಣಿ ಬೆಕ್ಕಿರುವಾಗ ಪಾಷಾಣದ ಬದಲು ಇಲಿಬೋನು ಬಳಸುವುದು, ಗದ್ದೆಯಲ್ಲಿ ಪಾಷಾಣವನ್ನು ಬಿಲದೊಳಗೇ ಇಟ್ಟು ಬಾಯಿ ಮುಚ್ಚುವುದು, ಸತ್ತ ಇಲಿಗಳನ್ನು ಹೂಳುವುದು ಸರಿಯಾದ ಕ್ರಮ.

ಮನೆಯಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಮೊದಲು ಹೆರಿಗೆಯ ಜಾಗ. ಗಾಳಿ ಬೀಸದ, ಮಬ್ಬು ಬೆಳಕಿನ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ ಅಥವಾ ಅಗಲ ಬುಟ್ಟಿಗೆ ಒಗೆದ ಹತ್ತಿಬಟ್ಟೆ ಹಾಸಿ ಒಂದು ವಾರ ಮೊದಲೇ ಇಡಬೇಕು. ಹಾಗೆ ಮಾಡದಿದ್ದರೆ ಬೆಕ್ಕು ತನಗೆ ತೋಚಿದ ಕಡೆ ಹೋಗುತ್ತದೆ. ಆಲೆಮನೆಯ ಒಣಗಿದ ಕಬ್ಬಿನ ಸಿಪ್ಪೆಯ ರಾಶಿ ಅದಕ್ಕೆ ಬಹಳ ಪ್ರಿಯವಾದ ಜಾಗ. ಒಲೆಗೆ ಸಿಪ್ಪೆ ತಳ್ಳುವವರು ಒಮ್ಮೆ ಕೆದಕಿ ನೋಡುವುದು ಒಳ್ಳೆಯದು. ಜಾಗವನ್ನು ಫಿನಾಯಿಲಿನಿಂದ ತೊಳೆಯಬಾರದು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಿಕೊಳ್ಳಲಾರದು. ಬಿಸಿನೀರು ಮತ್ತು ಸಾಬೂನು ಸಾಕು. ದನದ ಉಣ್ಣೆಗೆ ಹಚ್ಚುವ ಪೈರೆಥ್ರಾಯ್ಡ್ ಔಷಧಿಯನ್ನು ಚಿಗಟಕ್ಕೆಂದು ಗರ್ಭಿಣಿ ಬೆಕ್ಕಿಗೆ ಹಚ್ಚುವುದು ಇನ್ನೂ ಅಪಾಯ. ಮೈ ನೆಕ್ಕುವ ಪ್ರಾಣಿಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನೋವೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಸಲ್ಲದು. ಮನುಷ್ಯರ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಪ್ರಸವ ನಡೆಯುವಾಗ ದೂರದಿಂದ ನೋಡಬೇಕು. ಮಕ್ಕಳನ್ನೂ ನಾಯಿಯನ್ನೂ ಹತ್ತಿರ ಬಿಡಬಾರದು. ಹೆದರಿದ ಬೆಕ್ಕು ಪ್ರಸವವನ್ನೇ ತಡೆಹಿಡಿಯುತ್ತದೆ. ಮರಿ ಹೊರಬಿದ್ದ ಮೇಲೆ ಒಂದೆರಡು ನಿಮಿಷದಲ್ಲಿ ತಾಯಿ ಪೊರೆಯನ್ನು ಹರಿಯದಿದ್ದರೆ ನಾವು ಹರಿಯಬೇಕು. ಮೂಗು ಬಾಯಿಗಳನ್ನು ಮೃದುವಾದ ಬಟ್ಟೆಯಿಂದ ಒರೆಸಿ, ಮರಿಯ ತಲೆ ತುಸು ಕೆಳಗಿರುವಂತೆ ಹಿಡಿದು, ಬೆನ್ನು ಮತ್ತು ಎದೆಯನ್ನು ಒಣ ಟವೆಲಿನಿಂದ ಚುರುಕಾಗಿ ಉಜ್ಜಬೇಕು. ಮರಿಯನ್ನು ಕೈಯಲ್ಲಿ ಹಿಡಿದು ಬೀಸುವ ಹಳೆಯ ಪದ್ಧತಿಯಿಂದ ಮಿದುಳಿಗೆ ಪೆಟ್ಟಾಗುತ್ತದೆ, ಅದನ್ನು ಬಿಡಬೇಕು. ಉಸಿರಿಲ್ಲವೆಂದು ಬೇಗ ಕೈಬಿಡಬಾರದು. ಎದೆಬಡಿತ ಇರುವವರೆಗೆ ಹತ್ತು ಹದಿನೈದು ನಿಮಿಷ ಉಜ್ಜಿದರೂ ಸಾರ್ಥಕ. ಹೊಕ್ಕುಳ ಬಳ್ಳಿಯನ್ನು ತಾಯಿ ಕಡಿಯದಿದ್ದರೆ ಹೊಟ್ಟೆಯಿಂದ ಸುಮಾರು ಒಂದು ಅಂಗುಲ ಬಿಟ್ಟು ಕುದಿಸಿದ ಹತ್ತಿದಾರದಿಂದ ಬಿಗಿದು, ಗಂಟಿನ ಆಚೆ ಕತ್ತರಿಸಿ ಪೊವಿಡೋನ್ ಅಯೋಡಿನ್ ಹಚ್ಚಬೇಕು. ಬಳ್ಳಿಯನ್ನು ಎಳೆದರೆ ಹೊಕ್ಕುಳಲ್ಲಿ ಅಂಡವಾಯು ಉಂಟಾಗಬಹುದು.

ಮರಿ ಅರ್ಧ ಹೊರಬಂದು ನಿಂತಿದೆ, ಆಸ್ಪತ್ರೆ ದೂರವಿದೆ. ಇದೊಂದೇ ಸಂದರ್ಭದಲ್ಲಿ ಕೈಯಿಂದ ನೆರವಾಗಲು ಅವಕಾಶ. ಉಗುರು ಕತ್ತರಿಸಿ ಕೈ ತೊಳೆದು, ಔಷಧಿ ಅಂಗಡಿಯಲ್ಲಿ ಸಿಗುವ ಜಾರುವ ಜೆಲ್ಲಿಯನ್ನು ಮರಿಯ ಸುತ್ತ ಸವರಬೇಕು. ಒದ್ದೆ ಹತ್ತಿಬಟ್ಟೆಯಿಂದ ಮರಿಯ ಭುಜವನ್ನೋ ಸೊಂಟವನ್ನೋ ಸುತ್ತಿ ಹಿಡಿದು, ತಾಯಿ ತಿಣುಕಿದಾಗ ಮಾತ್ರ, ಹಿಂದಕ್ಕೆ ಮತ್ತು ಕೆಳಕ್ಕೆ ಬಾಗುವಂತೆ ಮೆಲ್ಲನೆ ಸೆಳೆಯಬೇಕು. ಒಂದೇ ಕಾಲನ್ನಾಗಲಿ, ತಲೆಯನ್ನಾಗಲಿ, ಬಾಲವನ್ನಾಗಲಿ ಹಿಡಿದೆಳೆಯಬಾರದು, ದಾರ ಕಟ್ಟಲೇಬಾರದು. ಕರುವಿನ ಕಾಲಿನ ಗಟ್ಟಿತನ ನೂರು ಗ್ರಾಂ ತೂಕದ ಮರಿಗಿಲ್ಲ. ಮೂರು ತಿಣುಕಿನಲ್ಲಿ ಬಾರದಿದ್ದರೆ ಬಿಟ್ಟು ಹೊರಡಬೇಕು. ಬೆರಳನ್ನಾಗಲಿ ಉಪಕರಣವನ್ನಾಗಲಿ ಒಳಗೆ ಹಾಕಬಾರದು.

ಆಕ್ಸಿಟೋಸಿನ್ ಬಗ್ಗೆ ಒತ್ತಿ ಹೇಳಬೇಕಾಗಿದೆ. ಹಾಲು ಇಳಿಸಲು ಅದನ್ನು ಬಳಸುವುದೇ ತಪ್ಪು. ಬೆಕ್ಕಿಗೆ ಪಶುವೈದ್ಯರು ಕೊಡುವ ಪ್ರಮಾಣ ಹಸುವಿಗೆ ಕೊಡುವುದರ ಅತ್ಯಲ್ಪ ಭಾಗ, ಒಂದೆರಡು ಯೂನಿಟ್ಟುಗಳ ಆಸುಪಾಸಿನದು. ದಾರಿ ತೆರೆದಿದೆ, ಮರಿ ಅಡ್ಡ ಸಿಕ್ಕಿಲ್ಲ ಎಂದು ಪರೀಕ್ಷಿಸಿ ಖಚಿತಪಡಿಸಿಕೊಂಡ ನಂತರವೇ ಅವರೂ ಕೊಡುತ್ತಾರೆ. ಮುಚ್ಚಿದ ಬಾಗಿಲಿಗೆ ಮರಿಯನ್ನು ಒತ್ತಿದರೆ ಹರಿಯುವುದು ಗರ್ಭಾಶಯ. ಹೆಚ್ಚು ಕೊಟ್ಟಾಗ ಗರ್ಭಾಶಯ ಬಿಗಿದೇ ಉಳಿದು ಮಾಸಿಗೆ ರಕ್ತ ಹರಿಯದೆ ಒಳಗಿನ ಮರಿಗಳು ಸಾಯುತ್ತವೆ.

ಆಸ್ಪತ್ರೆಗೆ ಒಯ್ಯುವಾಗ

ಮುಚ್ಚಳವಿರುವ ಬಿದಿರುಬುಟ್ಟಿ ಅಥವಾ ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ತಾಯಿಯನ್ನಿಟ್ಟು ಒಯ್ಯಬೇಕು. ದ್ವಿಚಕ್ರ ವಾಹನದಲ್ಲಿ ತೋಳಿನಲ್ಲಿ ಅಪ್ಪಿಕೊಂಡು ಹೋಗುವುದು ಇಬ್ಬರಿಗೂ ಕ್ಷೇಮವಲ್ಲ. ಆಗಲೇ ಹುಟ್ಟಿದ ಮರಿಗಳನ್ನು ಜೊತೆಗೇ ಒಯ್ಯಬೇಕು, ಬೇರೆ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ತಿನ್ನಿಸಬಾರದು. ಹೊರಡುವ ಮೊದಲು ದೂರವಾಣಿ ಮಾಡಿ ವೈದ್ಯರು ಇದ್ದಾರೆಯೇ, ಬೆಕ್ಕಿನ ಶಸ್ತ್ರಚಿಕಿತ್ಸೆಗೆ ಅನುಕೂಲವಿದೆಯೇ ಎಂದು ಕೇಳಿಕೊಳ್ಳಬೇಕು. ಈ ಒಂದು ಕರೆ ಎರಡು ಗಂಟೆ ಉಳಿಸಬಲ್ಲದು. 1962 ಸಂಖ್ಯೆಯ ಸಂಚಾರಿ ಪಶುಚಿಕಿತ್ಸಾ ಸೇವೆ ಮುಖ್ಯವಾಗಿ ಜಾನುವಾರುಗಳಿಗೆ ರೂಪುಗೊಂಡದ್ದು, ಆದರೂ ಹತ್ತಿರದ ಪಶುವೈದ್ಯರ ಲಭ್ಯತೆಯನ್ನು ಅಲ್ಲಿ ವಿಚಾರಿಸಬಹುದು. ಸ್ಕ್ಯಾನಿಂಗ್, ಎಕ್ಸ್-ರೇ, ಅರಿವಳಿಕೆ ಸೌಲಭ್ಯಗಳೆಲ್ಲ ಒಂದೇ ಕಡೆ ಬೇಕಾದಾಗ ಮಂಡ್ಯ ಅಥವಾ ಮೈಸೂರಿನ ಸಾಕುಪ್ರಾಣಿ ಚಿಕಿತ್ಸಾಲಯಗಳಿಗೋ, ಮದ್ದೂರಿನಿಂದ ಸುಮಾರು 80 ಕಿ.ಮೀ. ದೂರದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಬೇಕಾಗುತ್ತದೆ. ಬೆಸಗರಹಳ್ಳಿಯಂತಹ ಊರಿನಿಂದ ರಾತ್ರಿವೇಳೆ ಇದು ಸುಲಭದ ಪಯಣವಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ಕಥೆಗಾರ ಬೆಸಗರಹಳ್ಳಿ ರಾಮಣ್ಣನವರ ಊರಿನವರಿಗೆ ಹಳ್ಳಿಗೂ ಆಸ್ಪತ್ರೆಗೂ ನಡುವಣ ದೂರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಅದಕ್ಕಾಗಿಯೇ ಗರ್ಭದ 60ನೇ ದಿನಕ್ಕೆ ಮುಂಚೆ, ಹಗಲಿನಲ್ಲಿ, ಬಿಡುವಾಗಿ, ಯಾವ ಆಸ್ಪತ್ರೆ, ಯಾರ ವಾಹನ ಎಂಬುದನ್ನು ತೀರ್ಮಾನಿಸಿಟ್ಟಿರಬೇಕು.

ಕೂಡಿದ ದಿನಾಂಕ, ತಿಣುಕು ಆರಂಭವಾದ ಹೊತ್ತು, ಹುಟ್ಟಿದ ಮರಿ ಮತ್ತು ಬಿದ್ದ ಮಾಸುಗಳ ಸಂಖ್ಯೆ, ಸ್ರಾವದ ಬಣ್ಣ, ಮನೆಯಲ್ಲಿ ಕೊಟ್ಟ ಔಷಧಿ ಇವನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಬೈಯುತ್ತಾರೆಂದು ಚುಚ್ಚುಮದ್ದಿನ ವಿಷಯ ಮುಚ್ಚಿಟ್ಟರೆ ಅವರು ಅದರ ಮೇಲೆ ಮತ್ತೊಂದನ್ನು ಕೊಡುವ ಸಂಭವವಿದೆ.

ಪಶುವೈದ್ಯರು ಕೈಗೊಳ್ಳುವ ಕ್ರಮಗಳು

ಮೊದಲು ತಾಯಿಯ ಉಷ್ಣತೆ, ನಾಡಿ, ನಿರ್ಜಲತೆಯನ್ನು ನೋಡಿ, ಹೊಟ್ಟೆಯನ್ನು ಸ್ಪರ್ಶಿಸಿ, ಯೋನಿಮಾರ್ಗವನ್ನು ಪರೀಕ್ಷಿಸುತ್ತಾರೆ. ಎಕ್ಸ್-ರೇಯಿಂದ ಮರಿಗಳ ಸಂಖ್ಯೆ, ಗಾತ್ರ, ಭಂಗಿ ಮತ್ತು ತಾಯಿಯ ವಸ್ತಿಕುಹರದ ಅಗಲ ತಿಳಿಯುತ್ತದೆ. ಮರಿಗಳು ಬದುಕಿವೆಯೇ ಎಂಬುದಕ್ಕೆ ಅಲ್ಟ್ರಾಸೌಂಡ್ ಬೇಕು. ಆರೋಗ್ಯವಂತ ಮರಿಯ ಎದೆಬಡಿತ ನಿಮಿಷಕ್ಕೆ 200ಕ್ಕೂ ಹೆಚ್ಚು. ಅದು 180ಕ್ಕಿಂತ ಕೆಳಗಿಳಿದರೆ ಮರಿ ಸಂಕಟದಲ್ಲಿದೆ, 160ಕ್ಕಿಂತ ಕಡಿಮೆಯಾದರೆ ತಡಮಾಡುವಂತಿಲ್ಲ.

ಅಡಚಣೆಯಿಲ್ಲದೆ ಗರ್ಭಾಶಯ ಮಾತ್ರ ಸೋತಿದ್ದರೆ ದ್ರಾವಣ, ಗ್ಲೂಕೋಸ್, ಕ್ಯಾಲ್ಸಿಯಂ ಗ್ಲುಕೋನೇಟ್, ಅಲ್ಪ ಪ್ರಮಾಣದ ಆಕ್ಸಿಟೋಸಿನ್ ಇವುಗಳನ್ನು ಎದೆಬಡಿತ ಗಮನಿಸುತ್ತ ಕೊಡುತ್ತಾರೆ. ಒಂದೆರಡು ಬಾರಿ ಕೊಟ್ಟೂ ಫಲ ಕಾಣದಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ. ಮೇಲೆ ಹೇಳಿದ ಸ್ವೀಡನ್ನಿನ ವರದಿಯಲ್ಲಿ ಐದರಲ್ಲಿ ನಾಲ್ಕರಷ್ಟು ಬೆಕ್ಕುಗಳಿಗೆ ಕೊನೆಗೆ ಸಿಸೇರಿಯನ್ ಬೇಕಾಯಿತು. ಆದ್ದರಿಂದ ವೈದ್ಯರು ಶಸ್ತ್ರಚಿಕಿತ್ಸೆ ಸೂಚಿಸಿದಾಗ ಖರ್ಚಿಗಾಗಿ ಹೇಳುತ್ತಿದ್ದಾರೆಂದು ಅನುಮಾನಿಸಿ ಇನ್ನೊಂದು ರಾತ್ರಿ ಕಾಯುವುದು ಸರಿಯಲ್ಲ. ಬೇಗ ಮಾಡಿದ ಸಿಸೇರಿಯನ್‌ನಲ್ಲಿ ತಾಯಿಯೂ ಮರಿಗಳೂ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಮರಿಗಳು ಸತ್ತು ಕೊಳೆತ ನಂತರ ತಾಯಿಯ ಜೀವವೂ ಅನುಮಾನವಾಗುತ್ತದೆ. ಗರ್ಭಾಶಯ ಹರಿದಿದ್ದರೆ ಅಥವಾ ಸೋಂಕು ತಗುಲಿದ್ದರೆ ಅಂಡಾಶಯ ಸಮೇತ ತೆಗೆದುಹಾಕುತ್ತಾರೆ. ಮುಂದೆ ಮರಿ ಬೇಡವೆನ್ನುವವರಿಗೆ ಇದೇ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಮುಗಿಸುವುದು ಅನುಕೂಲ. ಗರ್ಭಕೋಶ ತೆಗೆದರೆ ಹಾಲು ನಿಲ್ಲುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ತಾಯಿ ಮರಿಗಳಿಗೆ ಹಾಲೂಡಿಸುತ್ತದೆ.

ಪ್ರಸವಾನಂತರದ ಆರೈಕೆ

ಹುಟ್ಟಿದ ಮರಿಯ ತೂಕ 90ರಿಂದ 110 ಗ್ರಾಂ. ತಕ್ಕಡಿಯಲ್ಲಿ ದಿನವೂ ತೂಗಿದರೆ 10ರಿಂದ 15 ಗ್ರಾಂ ಏರಿಕೆ ಕಾಣಬೇಕು. ಗಿಣ್ಣುಹಾಲು ಮೊದಲ ದಿನವೇ ಹೊಟ್ಟೆಗೆ ಸೇರಬೇಕು, ಅದರ ರೋಗನಿರೋಧಕ ಅಂಶವನ್ನು ಮರಿಯ ಕರುಳು ಆಮೇಲೆ ಹೀರಿಕೊಳ್ಳದು. ಮೊದಲ ವಾರ ಗೂಡಿನ ಉಷ್ಣತೆ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಾದ ಮರಿಗೆ ಹಾಲು ಕುಡಿಸಬಾರದು, ಮೊದಲು ಬೆಚ್ಚಗಾಗಿಸಬೇಕು. ತಾಯಿ ಇಲ್ಲದ ಮರಿಗಳಿಗೆ ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಉತ್ತಮ. ಬೆಕ್ಕಿನ ಹಾಲಿಗೆ ಹೋಲಿಸಿದರೆ ಹಸುವಿನ ಹಾಲಿನಲ್ಲಿ ಸಸಾರಜನಕ ಅರ್ಧದಷ್ಟೂ ಇಲ್ಲ. ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು, ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಸವರಿ ಮಲಮೂತ್ರ ಮಾಡಿಸಬೇಕು.

ತಾಯಿಯಲ್ಲಿ ವಾಸನೆಯಿಲ್ಲದ ಕೆಂಗಂದು ಸ್ರಾವ ಎರಡು ಮೂರು ವಾರ ಸ್ವಲ್ಪಸ್ವಲ್ಪವಾಗಿ ಇರುವುದು ಸಹಜ. ನಾತ, ಜ್ವರ, ಮರಿಗಳನ್ನು ದೂರ ತಳ್ಳುವುದು, ಮೊಲೆ ಗಟ್ಟಿಯಾಗಿ ಕೆಂಪಾಗುವುದು, ಮೈ ನಡುಗಿ ಸೆಟೆಯುವುದು ಕಂಡರೆ ಅದೇ ದಿನ ತೋರಿಸಬೇಕು. ಅಪರೂಪವಾಗಿ, ಎಮ್ಮೆಯಲ್ಲಿ ಕಾಣುವಂತೆ, ಗರ್ಭಾಶಯ ಹೊರಬೀಳುವುದುಂಟು. ಅದನ್ನು ಉಪ್ಪುನೀರಿನಲ್ಲಿ ಒದ್ದೆಮಾಡಿದ ಶುಭ್ರ ಬಟ್ಟೆಯಿಂದ ಮುಚ್ಚಿ, ಒಳಗೆ ತಳ್ಳಲು ಹೋಗದೆ ಆಸ್ಪತ್ರೆಗೆ ಒಯ್ಯಬೇಕು.

ಕುರಿ ಸಾಕುವವರಿಗೆ ಮತ್ತು ಗರ್ಭಿಣಿಯರಿಗೆ

ಮಳವಳ್ಳಿ ಭಾಗದಲ್ಲಿ ಬಂಡೂರು ಕುರಿ ಸಾಕುವವರು ಬೆಕ್ಕನ್ನು ಮೇವಿನ ಕೊಠಡಿಯಲ್ಲಿ ಮರಿ ಹಾಕಲು ಬಿಡಬಾರದು. ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯನ್ನು ಮೊದಲ ಬಾರಿ ಸೋಂಕು ತಗುಲಿದ ಎಳೆಯ ಬೆಕ್ಕುಗಳು ಒಂದರಿಂದ ಮೂರು ವಾರ ಮಲದಲ್ಲಿ ಹೊರಹಾಕುತ್ತವೆ. ಮಲ ಬೆರೆತ ಮೇವು ತಿಂದ ಗಬ್ಬದ ಕುರಿಗಳು ಕಂದು ಹಾಕುತ್ತವೆ. ಮಲದಲ್ಲಿರುವ ಈ ಜೀವಿ ಸೋಂಕುಕಾರಕವಾಗಲು ಒಂದರಿಂದ ಐದು ದಿನ ಬೇಕಾಗುವುದರಿಂದ ಮಲವನ್ನು ಪ್ರತಿದಿನ ತೆಗೆದು ಹೂಳಿದರೆ ಅಪಾಯ ಬಹುತೇಕ ತಪ್ಪುತ್ತದೆ. ಮನೆಯ ಗರ್ಭಿಣಿ ಹೆಣ್ಣುಮಕ್ಕಳಿಗೆ ಈ ಕೆಲಸ ಕೊಡಬಾರದು, ಪ್ರಸವದ ನೆರವಿಗೂ ಅವರು ಬರಬಾರದು. ನೋವಿನಲ್ಲಿರುವ ಬೆಕ್ಕು ತನ್ನವರನ್ನೂ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ಮತ್ತು ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರೇಬಿಸ್ ಲಸಿಕೆಯ ಬಗ್ಗೆ ವಿಚಾರಿಸಬೇಕು.

ಹಾಲೂಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಬೆದೆಗೆ ಬರಬಹುದು, ಗರ್ಭವನ್ನೂ ಧರಿಸಬಹುದು. ಮರಿಗಳು ಹಾಲು ಬಿಡುವವರೆಗೆ, ಅಂದರೆ ಸುಮಾರು ಎಂಟು ವಾರ, ತಾಯಿಯನ್ನು ಗಂಡು ಬೆಕ್ಕುಗಳಿಂದ ದೂರವಿಡಬೇಕು. ಮರಿಗಳು ಹಾಲು ಬಿಟ್ಟು ಎರಡು ವಾರದ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಒಮ್ಮೆ ಕಷ್ಟಪ್ರಸವವಾದ ಬೆಕ್ಕಿನಿಂದ, ಅದು ಎಷ್ಟೇ ಬೆಲೆಯ ತಳಿಯದಾಗಿರಲಿ, ಮತ್ತೊಂದು ಸೂಲು ಪಡೆಯುವ ಮೊದಲು ಕಾರಣವೇನೆಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದ ಬರವಣಿಗೆಯಲ್ಲಿ ಪಡೆದಿರಬೇಕು.